ಒಡಕು ದನಿಯ ಧರ್ಮ

ಬೆಂಕಿಯ ಧರ್ಮ ಸುಡುವುದು, ನೀರಿನ ಧರ್ಮ ತಗ್ಗಿಗೆ ಹರಿಯುವುದು ಎಂದು ನಾವು ಹೇಳುವುದುಂಟು. ಇಲ್ಲಿ ಧರ್ಮವೆಂದರೆ ಸ್ವಭಾವ. ಅದರ ಬಗೆಗೆ ಯಾರದೂ ತಕರಾರಿಲ್ಲ. ಆದರೆ ಅದೇ ಮಾತನ್ನು ಮನುಷ್ಯನ ಕೈಯಿಂದ ಹುಟ್ಟಿದ ವಸ್ತುವಿಗೆ ಹಚ್ಚಿದೊಡನೆ ತೊಡಕು ಮೊದಲಾಗುತ್ತದೆ. ಕೊಡದ ಧರ್ಮ ನೀರು ಹಿಡಿಯುವುದು ಎನ್ನುತ್ತೇವೆ. ಇದು ಕೊಡದ ಸ್ವಭಾವವೋ, ಕುಂಬಾರನ ಉದ್ದೇಶವೋ, ನೀರು ತರುವವಳ ಅವಶ್ಯಕತೆಯೋ? ಭಜನೆಯ ಮನೆಯಲ್ಲಿ ತಾಳ ಸಿಕ್ಕದೆ ಯಾರೋ ಅದೇ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಬಾರಿಸಿದರೆ ಕೊಡ ಧರ್ಮಭ್ರಷ್ಟವಾಯಿತೆಂದು ಯಾರೂ ಅನ್ನುವುದಿಲ್ಲ. ಆದರೆ ನಾದ ಇನ್ನಷ್ಟು ಚೆನ್ನಾಗಿ ಬರಲೆಂದು ಅದರ ತಳಕ್ಕೆ ತೂತು ಕೊರೆದರೆ ಮನೆಯ ಯಜಮಾನಿ ಸುಮ್ಮನಿರುವಳೆ? ಈ ಎರಡರ ನಡುವಿನ ಅಂತರ ಎಷ್ಟು ಎಂಬುದೇ ನನ್ನ ಪ್ರಶ್ನೆ.

ಪ್ರಶ್ನೆಯನ್ನು ಎತ್ತಿದ್ದು ಕೊಡವಲ್ಲ, ಗಿಟಾರು. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಜಾತ್ರೆಗೂ ಮದುವೆಗೂ ರಸಮಂಜರಿ ಕಾರ್ಯಕ್ರಮ ಇಡಿಸುವ ರೂಢಿ ಇದೆ. ಅದರಲ್ಲಿ ವಿದ್ಯುತ್ ಗಿಟಾರು ನುಡಿಸುವ ಹುಡುಗರು ಮನೆಯಲ್ಲಿ ಕೈ ಸಾಧಿಸಲು ಒಂದು ಸಣ್ಣ ಆಂಪ್ಲಿಫೈಯರನ್ನು ಇಟ್ಟುಕೊಂಡಿರುತ್ತಾರೆ. ಹತ್ತು ವ್ಯಾಟಿನದು, ಒಂದು ಮೊಳ ಎತ್ತರದ ಪೆಟ್ಟಿಗೆ, ಒಂದು ಸ್ಪೀಕರು, ನಾಲ್ಕಾರು ಗುಂಡಿಗಳು. ಜಾತ್ರೆಯ ಬಯಲಿಗೆ ಅದರ ದನಿ ಸಾಲದು. ಆದರೆ ಅದನ್ನು ಪೂರ್ತಿ ಏರಿಸಿದಾಗ ಬರುವ ಒಡಕು ದನಿ, ಆ ಗರಗರ, ಕೆಲವರ ಕಿವಿಗೆ ಬಲು ಹಿತ. ಆಗ ಅವರಿಗೆ ಹೊಳೆಯುವ ಉಪಾಯ ಇದು: ಪೆಟ್ಟಿಗೆಯನ್ನು ಬಿಚ್ಚಿ, ಸ್ಪೀಕರನ್ನು ಕಿತ್ತು, ಒಳಗಿನ ಬೋರ್ಡನ್ನಷ್ಟೇ ಒಂದು ಲೋಹದ ಡಬ್ಬಿಯಲ್ಲಿ ಕೂಡಿಸಿ, ಕಾಲಿನಿಂದ ಒತ್ತುವ ಒಂದು ಸ್ವಿಚ್ಚನ್ನು ಹಚ್ಚಿದರೆ ಅದು ಪೆಡಲಾಗುತ್ತದೆ. ಗಿಟಾರಿನ ತಂತಿ ಮೊದಲು ಅದರೊಳಗೆ ಹೋಗಿ, ಒಡಕನ್ನು ಹೊತ್ತುಕೊಂಡು ಹೊರಬಂದು, ಮುಂದಿನ ದೊಡ್ಡ ಆಂಪ್ಲಿಫೈಯರಿಗೆ ಸೇರುತ್ತದೆ. ತಾನೇ ಮಾತನಾಡುತ್ತಿದ್ದ ವಸ್ತು ಇನ್ನೊಬ್ಬರ ಮಾತಿಗೆ ಬಣ್ಣ ಕೊಡುವ ವಸ್ತುವಾಗುತ್ತದೆ.

ಒಡಕು ಎಂದರೇನು ಎಂಬುದನ್ನು ಸ್ವಲ್ಪ ನೋಡಬೇಕು. ಗಿಟಾರಿನಿಂದ ಬರುವ ವಿದ್ಯುತ್ತಿನ ಅಲೆ ಬಹಳ ಸಣ್ಣದು. ಆಂಪ್ಲಿಫೈಯರು ಅದನ್ನು ಹಂತಹಂತವಾಗಿ ದೊಡ್ಡದು ಮಾಡುತ್ತದೆ. ಆದರೆ ತನಗೆ ಸಿಗುವ ವೋಲ್ಟೇಜಿನ ಮಿತಿಯನ್ನು ಮೀರಿ ಅಲೆಯನ್ನು ಎತ್ತಲು ಅದಕ್ಕೆ ಸಾಧ್ಯವಿಲ್ಲ. ಮಿತಿ ಮುಟ್ಟಿದ ಮೇಲೂ ಏರಿಸುತ್ತ ಹೋದರೆ, ಸೇರಿನಲ್ಲಿ ಜೋಳ ಅಳೆಯುವಾಗ ರಾಶಿಯ ತಲೆಯನ್ನು ಕೈಯಿಂದ ಸವರಿದಂತೆ, ಅಲೆಯ ತಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೊದಲಿಲ್ಲದ ಸ್ವರಗಳು ಹುಟ್ಟುತ್ತವೆ. ಸೆಕೆಂಡಿಗೆ ೧೧೦ ಸಲ ಕಂಪಿಸುವ ತಂತಿಯ ದನಿಯನ್ನು ಮೇಲೂ ಕೆಳಗೂ ಸಮನಾಗಿ ಸವರಿದರೆ ಅದರ ಮೂರರಷ್ಟು, ಐದರಷ್ಟು, ಎಂದರೆ ೩೩೦, ೫೫೦ರ ಕಂಪನಗಳು ಬಲವಾಗುತ್ತವೆ. ಕಿವಿಗೆ ಅದು ಒರಟಾಗಿಯೂ ತುಂಬಿದಂತೆಯೂ ಕೇಳುತ್ತದೆ. ಸೌಂಡ್ ಎಂಜಿನಿಯರಿನ ಭಾಷೆಯಲ್ಲಿ ಇದು ಶುದ್ಧ ದೋಷ. ಕೊಟ್ಟದ್ದನ್ನು ಕೊಟ್ಟಂತೆಯೇ ದೊಡ್ಡದು ಮಾಡುವುದು ಯಂತ್ರದ ಕೆಲಸ. ಅದು ತನ್ನದನ್ನೂ ಸೇರಿಸಿತೆಂದರೆ, ಸಾಕ್ಷಿ ಹೇಳಬೇಕಾದವನು ಕಥೆ ಕಟ್ಟಿದಂತಾಯಿತು.

ಆದರೆ ಕಥೆ ಕಟ್ಟುವವನಿಗೂ ಲೋಕದಲ್ಲಿ ಜಾಗವಿದೆ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡನ್ನು ಮುದ್ರಿಸುವಾಗ ಅಲ್ಲಿನ ಯಂತ್ರದ ಒಂದು ಭಾಗ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸುತ್ತಿದ್ದ ಗಿಟಾರಿನ ದನಿ ಒಡೆದುಹೋಯಿತು. ಅದನ್ನು ಅಳಿಸದೆ ಹಾಗೆಯೇ ಬಿಟ್ಟರು, ಹಾಡು ಜನಪ್ರಿಯವಾಯಿತು. ಗ್ಲೆನ್ ಸ್ನಾಡಿ ಎಂಬ ಎಂಜಿನಿಯರು ಆ ಕೆಟ್ಟುಹೋದ ದನಿಯನ್ನೇ ಬೇಕೆಂದಾಗ ತರಿಸುವ ಉಪಕರಣವನ್ನು ರೂಪಿಸಿದ. ೧೯೬೨ರಲ್ಲಿ ಅದು ಮೇಸ್ಟ್ರೋ ಫಜ್‌ಟೋನ್ ಎಂಬ ಹೆಸರಿನಿಂದ ಅಂಗಡಿಗೆ ಬಂದಿತು. ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ೧೯೬೪ರ ಸಂಗತಿ. ಲಂಡನ್ನಿನ ‘ಕಿಂಕ್ಸ್’ ತಂಡದ ಡೇವ್ ಡೇವಿಸ್ ಎಂಬ ಹದಿನೇಳರ ಹುಡುಗ ತನ್ನ ಎಲ್ಪಿಕೋ ಎಂಬ ಸಣ್ಣ ಆಂಪ್ಲಿಫೈಯರಿನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ಅದರಿಂದ ಹೊರಟ ಹರಿದ ದನಿಯನ್ನು ವಾಕ್ಸ್ ಎಂಬ ದೊಡ್ಡ ಆಂಪ್ಲಿಫೈಯರಿನ ಮೂಲಕ ಕೇಳಿಸಿದ. ‘ಯು ರಿಯಲೀ ಗಾಟ್ ಮಿ’ ಎಂಬ ಆ ಹಾಡು ಇಂಗ್ಲೆಂಡಿನಲ್ಲಿ ಮೊದಲ ಸ್ಥಾನಕ್ಕೇರಿತು. ಮನೆಯ ಸಣ್ಣ ಪೆಟ್ಟಿಗೆ ದೊಡ್ಡ ಪೆಟ್ಟಿಗೆಯ ಮುಂದೆ ನಿಂತು ಪೆಡಲಿನ ಕೆಲಸ ಮಾಡಿದ ಉದಾಹರಣೆಗಳಲ್ಲಿ ಇಷ್ಟು ಪ್ರಸಿದ್ಧವಾದದ್ದು ಬೇರೆ ಇಲ್ಲವೆನ್ನಬಹುದು.

ಇದು ಪಶ್ಚಿಮದವರ ಹುಚ್ಚು, ನಮ್ಮ ಸಂಗೀತಕ್ಕೆ ಶುದ್ಧ ನಾದವೇ ಗತಿ ಎನ್ನುವವರು ಒಮ್ಮೆ ಮಿರಜಿಗೆ ಹೋಗಿ ಬರಬೇಕು. ತಂಬೂರಿ ಮಾಡುವವರ ಊರು ಅದು. ಅಲ್ಲಿಯ ಸಿತಾರ, ತಂಬೂರಿಗಳಿಗೆ ೨೦೨೪ರಲ್ಲಿ ಭೌಗೋಳಿಕ ಗುರುತು ಕೂಡ ದೊರೆಯಿತು. ತಂಬೂರಿಯ ಕುದುರೆ, ಎಂದರೆ ತಂತಿ ಹಾಯುವ ಆ ಅಗಲವಾದ ತುಂಡು, ಮೇಲ್ಭಾಗದಲ್ಲಿ ತುಸುವೇ ತುಸು ಇಳಿಜಾರಾಗಿರುತ್ತದೆ. ಮೀಟಿದ ತಂತಿ ಅದರ ಮೈಗೆ ಸವರಿಕೊಂಡು ಕಂಪಿಸುತ್ತದೆ. ತಂತಿಯ ಕೆಳಗೆ ಒಂದು ನೂಲಿನ ಎಳೆಯನ್ನು ಸರಿಸಿ ಸರಿಸಿ ಆ ಸವರಿಕೆಯನ್ನು ಹದಕ್ಕೆ ತರುತ್ತಾರೆ. ಗಣಿತದ ಕಣ್ಣಿನಿಂದ ನೋಡಿದರೆ ಇದೂ ಅಡಚಣೆಯೇ. ತಂತಿಯ ನಿರಾತಂಕ ಕಂಪನಕ್ಕೆ ಬೇಕೆಂದೇ ಒಡ್ಡಿದ ತಡೆ. ಆ ತಡೆಯಿಂದಲೇ ತಂಬೂರಿಯ ಝೇಂಕಾರ ಹುಟ್ಟುತ್ತದೆ. ಅದನ್ನು ತೆಗೆದರೆ ಉಳಿಯುವುದು ಬಡಕಲು ಟಣಕಾರ. ಇದಕ್ಕೆ ಜವಾರಿ ಎಂದು ಹೆಸರು. ‘ಜೀವ’ದಿಂದ ಬಂದ ಮಾತು ಎನ್ನುವವರಿದ್ದಾರೆ. ನಮ್ಮ ಕಡೆ ಜವಾರಿ ಎಂದರೆ ನಾಟಿಯದು, ಊರಿನದು. ಜವಾರಿ ಕೋಳಿ, ಜವಾರಿ ಬೀಜ. ಎರಡು ಮಾತುಗಳ ಮೂಲ ಬೇರೆಯೇ ಇರಲಿ, ಅವು ಒಂದೇ ರೂಪದಲ್ಲಿ ಬಂದು ನಿಂತಿರುವುದು ಕನ್ನಡ ಮೇಷ್ಟರ ಕಿವಿಗೆ ಖುಷಿಯ ವಿಷಯ.

ಬರಿ ಜವಾರಿಯೇ ಏಕೆ? ನಮ್ಮ ಭಜನೆ, ಪಾರಿಜಾತಗಳ ಜೀವಾಳವಾದ ಪೇಟಿ ಫ್ರಾನ್ಸಿನಿಂದ ಬಂದದ್ದು. ಅಲ್ಲಿ ಅದನ್ನು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿ ಒತ್ತಿ ನುಡಿಸುತ್ತಿದ್ದರು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲುಗಳನ್ನು ಕಳೆದು, ತಿದಿಯನ್ನು ಹಿಂದಕ್ಕೆ ತಂದು, ನೆಲದ ಮೇಲೆ ಕೂಡ್ರುವ ಜನಕ್ಕೆ ಒಪ್ಪುವಂತೆ ಮಾಡಿದರು. ಗಮಕ ನುಡಿಯಲಾರದು, ಶ್ರುತಿ ನಮ್ಮದಲ್ಲ ಎಂಬ ಆಕ್ಷೇಪದ ಮೇಲೆ ೧೯೪೦ರಲ್ಲಿ ರೇಡಿಯೋ ಅದನ್ನು ಹೊರಗಿಟ್ಟಿತು; ನಿರ್ಬಂಧ ಸಡಿಲಾದದ್ದು ೧೯೭೧ರಲ್ಲಿ. ಅಷ್ಟು ವರ್ಷ ಹಳ್ಳಿಯ ಪೇಟಿ ಮಾಸ್ತರರು ಆ ನಿರ್ಬಂಧದ ಗೊಡವೆಗೇ ಹೋಗದೆ ಬಾರಿಸಿದರು. ಗಡಿಯಾಚೆಯ ಮೆರವಣಿಗೆಗಳಲ್ಲಿ ಮೊಳಗುವ ಬೆಂಜೋ ೧೯೧೨ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ವಾದ್ಯದ ಮರಿ. ಅದರ ಗುಂಡಿಗಳು ಟೈಪ್‌ರೈಟರಿನಿಂದ ಬಂದವು. ಇನ್ನು ೧೬೫೬ರ ಹೊತ್ತಿಗೆ ಮುಗಿದ ಗೋಲಗುಮ್ಮಟವಂತೂ ಮಹಮ್ಮದ ಆದಿಲಶಾಹನ ಗೋರಿ. ನಾವು ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗುವುದು ಅಲ್ಲಿ ಕೂಗಿ, ಕೂಗು ಮರಳಿ ಮರಳಿ ಬರುವುದನ್ನು ಕೇಳಲಿಕ್ಕೆ. ಸತ್ತ ದೊರೆ ಇದಕ್ಕೆ ಏನೆನ್ನುತ್ತಿದ್ದನೋ!

ಹೀಗೆ ನೋಡಿದರೆ, ಮಾಡಿದವನ ಉದ್ದೇಶವೇ ವಸ್ತುವಿನ ಧರ್ಮ ಎಂಬ ವಾದ ನಿಲ್ಲುವುದಿಲ್ಲ. ಅದು ಬಿದ್ದುಹೋದದ್ದು ಒಳ್ಳೆಯದೇ ಆಯಿತು. ಏಕೆಂದರೆ ಈ ವಾದವನ್ನು ಮನುಷ್ಯರ ಮೇಲೂ ಹೇರಿದ್ದುಂಟು: ನೀನು ಇಂಥ ಕೆಲಸಕ್ಕೆಂದೇ ಹುಟ್ಟಿದವನು, ಅದೇ ನಿನ್ನ ಧರ್ಮ, ಅದರಾಚೆ ಹೋಗಬೇಡ ಎಂದು. ಬಸವಣ್ಣನವರ ಹೆಸರು ಹೊತ್ತ ಬಾಗೇವಾಡಿಯ ನೆಲದಲ್ಲಿ ನಿಂತು ಈ ಮಾತನ್ನು ಒಪ್ಪಲು ಯಾರಿಗಾದರೂ ನಾಲಗೆ ಅಳುಕಬೇಕು. ಆದರೆ ಇಲ್ಲೊಂದು ಎಚ್ಚರಿಕೆಯೂ ಬೇಕು. ಮನುಷ್ಯರ ಬಿಡುಗಡೆಯ ಮಾತನ್ನು ನೇರವಾಗಿ ಪೆಟ್ಟಿಗೆಗೆ ಹಚ್ಚಿ, ‘ಆಂಪ್ಲಿಫೈಯರಿಗೂ ಬಿಡುಗಡೆ ಕೊಟ್ಟೆವು’ ಎಂದು ಬೀಗುವುದು ಹುಡುಗಾಟ. ತನ್ನ ಮೈಯನ್ನೇ ವೀಣೆಯ ಅಂಗಾಂಗಗಳಾಗಿ ಮಾಡಿ ನುಡಿಸೆಂದು ಬಸವಣ್ಣನವರು ದೇವರನ್ನು ಬೇಡಿದ ವಚನವೊಂದಿದೆ. ಅಲ್ಲಿ ಬೇಡುವವನು ಆ ಮೈಯ ಒಡೆಯನೇ. ಪೆಟ್ಟಿಗೆ ಏನನ್ನೂ ಬೇಡುವುದಿಲ್ಲ. ಅದಕ್ಕೆ ಸುಖವೂ ಇಲ್ಲ, ಅವಮಾನವೂ ಇಲ್ಲ. ಬಿಚ್ಚುವುದು ತಪ್ಪಾಗುವುದಾದರೆ ಅದು ಪೆಟ್ಟಿಗೆಗೆ ಮಾಡಿದ ತಪ್ಪಲ್ಲ, ಅದರ ಸುತ್ತ ಇರುವ ಜನರಿಗೆ ಮಾಡಿದ ತಪ್ಪು.

ಯಾರು ಆ ಜನ? ಸಿಂದಗಿಯ ಕಡೆಯ ಒಬ್ಬ ತರುಣ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನು, ಈ ಕೆಲಸಕ್ಕೆ ಕೈ ಹಾಕಹೊರಟಾಗ ಅವನ ಮನೆಯಲ್ಲಿ ಸಣ್ಣದೊಂದು ಜಗಳವೇ ಆಯಿತು. ತಂದೆಯ ಮಾತು ಒಂದೇ: “ನಡಿಯೂ ವಸ್ತು ಕೆಡಸಬ್ಯಾಡಪಾ.” ಮಗ ನನ್ನ ಮುಂದೆ ವಾದಿಸಿದ: “ಕೆಡಸೂದಲ್ರೀ ಸರ, ಬ್ಯಾರೆ ಮಾಡೂದು. ವಸ್ತು ನಂದೇ ಐತಿ, ಇದರಾಗ ತಪ್ಪೇನೈತ್ರಿ?” ತಂದೆ ಕೂಲಿಯ ದುಡ್ಡಿನಲ್ಲಿ ಉಳಿಸಿ ಕೊಡಿಸಿದ್ದ ಪೆಟ್ಟಿಗೆ ಅದು. ಕೊಟ್ಟ ಮೇಲೆ ಅದು ಮಗನದೇ, ಸಂದೇಹವಿಲ್ಲ. ಆದರೂ ಕೊಟ್ಟವನ ಕಣ್ಣಿಗೆ ಅದರಲ್ಲಿ ಉಳಿದುಕೊಂಡಿರುವುದು ದುಡ್ಡಲ್ಲ; ಮಗ ಹಗಲೂರಾತ್ರಿ ಕುಳಿತು ಕಲಿಯುತ್ತಿದ್ದ ಆ ದನಿ. ಅದನ್ನು ಬಿಚ್ಚುತ್ತೇನೆಂದರೆ ಕಲಿಕೆ ಮುಗಿಯಿತು, ಇನ್ನು ಮನೆಯಲ್ಲಿ ಸದ್ದಿರುವುದಿಲ್ಲ ಎಂದೇ ಅವರಿಗೆ ಕೇಳಿಸಿರಬೇಕು. ಇದನ್ನು ಬರಿಯ ಭಾವುಕತೆಯೆಂದು ತಳ್ಳಿಹಾಕುವವರು ಹಾಕಲಿ. ನನಗೆ ಅದು ಅಷ್ಟು ಹಗುರವಾಗಿ ಕಾಣುವುದಿಲ್ಲ.

ಆದರೆ ತಂದೆಗಿಂತಲೂ ಹೆಚ್ಚು ನನ್ನ ಮನಸ್ಸನ್ನು ಕೊರೆದವನು ಇನ್ನೊಬ್ಬ. ಅವನು ಇನ್ನೂ ಬಂದೇ ಇಲ್ಲ. ಮುಂದಿನ ವರ್ಷ ಗಿಟಾರು ಹಿಡಿಯುವ ಹುಡುಗ. ದೊಡ್ಡ ನಗರದಲ್ಲಿ ಅವನು ಅಂಗಡಿಗೆ ಹೋಗುತ್ತಾನೆ. ನಮ್ಮ ಊರುಗಳಲ್ಲಿ ಇಂಥ ವಸ್ತುಗಳು ಅಣ್ಣನಿಂದ ತಮ್ಮನಿಗೆ, ಗೆಳೆಯನಿಂದ ಗೆಳೆಯನಿಗೆ, ಅರ್ಧ ಬೆಲೆಗೋ ಬೆಲೆಯಿಲ್ಲದೆಯೋ ಕೈದಾಟುತ್ತವೆ. ಕಲಿಯುವವನಿಗೆ ಬೇಕಾದದ್ದು ತಾನೇ ಮಾತನಾಡಬಲ್ಲ ಸಣ್ಣ ಪೆಟ್ಟಿಗೆ. ಅದು ಪೆಡಲಾದ ದಿನ ಕಲಿತವನಿಗೆ ಒಂದು ಬಣ್ಣ ಹೆಚ್ಚುತ್ತದೆ, ಕಲಿಯುವವನಿಗೆ ಇದ್ದ ಒಂದೇ ದನಿ ಇಲ್ಲವಾಗುತ್ತದೆ. ಪೆಡಲಿನ ಮುಂದೆ ದೊಡ್ಡ ಆಂಪ್ಲಿಫೈಯರು ಇರಲೇಬೇಕು. ಅದಿಲ್ಲದವನ ಕೈಯಲ್ಲಿ ಅದು ತಗಡಿನ ಡಬ್ಬಿ. ಸಾಮರ್ಥ್ಯವುಳ್ಳವನಿಗೆ ಇನ್ನಷ್ಟು ಸಾಮರ್ಥ್ಯ ಕೂಡಿಸಲು ಆರಂಭದವನ ಮೆಟ್ಟಿಲನ್ನು ಕಿತ್ತುಕೊಳ್ಳುವ ಅಭ್ಯಾಸ ನಮಗೆ ಬೇರೆ ಕಡೆಯೂ ಇದೆ. ಊರ ಶಾಲೆಯನ್ನು ಮುಚ್ಚಿ ದೂರದ ಶಾಲೆಯನ್ನು ಹಿಗ್ಗಿಸುವಾಗ ನಾವು ಕೊಡುವ ಕಾರಣಗಳೂ ಬಹುಮಟ್ಟಿಗೆ ಇವೇ.

ಈ ಸಂದರ್ಭದಲ್ಲಿ ನನಗೆ ಹಲಸಂಗಿಯ ಗೆಳೆಯರ ನೆನಪಾಗುತ್ತದೆ. ಬಹುಕಾಲ ಇಂಡಿ ತಾಲೂಕಿಗೆ ಸೇರಿದ್ದ ಆ ಹಳ್ಳಿಯ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು ಕೂಡಿ ಸಂಗ್ರಹಿಸಿದ ‘ಗರತಿಯ ಹಾಡು’ ೧೯೩೧ರಲ್ಲಿ ಪ್ರಕಟವಾಯಿತು. ಬೀಸುವ ಕಲ್ಲಿನ ಮುಂದೆ, ಬೆಳಗಿನ ಜಾವದ ಕತ್ತಲಲ್ಲಿ, ಒಂದು ಮನೆಯ ಗೋಡೆಯನ್ನು ದಾಟದ ದನಿಗಳು ಅವು. ಹಿಟ್ಟು ಬೀಸುವ ಕೆಲಸಕ್ಕೆ ಹುಟ್ಟಿದ ಹಾಡು ಕವಿಗಳ ಕೈಗೆ ಬಂದಿತು. ತ್ರಿಪದಿಯ ಆ ಲಯ, ಆ ಒರಟು ಸೊಗಸು, ನವೋದಯದ ಕಾವ್ಯಕ್ಕೆ ಹೊಸದೊಂದು ಬಣ್ಣವನ್ನು ಕೊಟ್ಟಿತು. ಸಣ್ಣ ದನಿ ದೊಡ್ಡ ದನಿಯೊಳಗೆ ಹಾದು ಹೋಯಿತು. ಹಾಡಿನ ಮೂಲ ಉದ್ದೇಶಕ್ಕೆ ಇದರಿಂದ ದ್ರೋಹವಾಯಿತೆಂದು ಯಾರು ಅನ್ನುತ್ತಾರೆ? ಆದರೆ ಒಂದನ್ನು ಗಮನಿಸಬೇಕು. ಆ ಗೆಳೆಯರು ಬೀಸುವ ಕಲ್ಲನ್ನು ಒಡೆಯಲಿಲ್ಲ. ಬರೆದುಕೊಂಡು ಬಂದರು, ಬರೆಯಿಸಿದ ತಾಯಂದಿರು ಮರುದಿನ ಬೆಳಿಗ್ಗೆ ಎದ್ದು ಮತ್ತೆ ಹಾಡಿಕೊಂಡೇ ಬೀಸಿದರು. ಕಲ್ಲಿನ ಮುಂದಿನ ದನಿ ನಿಂತದ್ದು ಮುಂದೆ ಊರೂರಿಗೆ ಹಿಟ್ಟಿನ ಗಿರಣಿ ಬಂದಾಗ. ಅದಕ್ಕಾಗಿ ಗಿರಣಿಯನ್ನು ಬೈಯುವುದೂ ಸರಿಯಲ್ಲ. ಆ ಹೆಂಗಸರ ರಟ್ಟೆಯ ನೋವು ಗೊತ್ತಿದ್ದವರು ಬೈಯುವುದಿಲ್ಲ.

ಬರೆದುಕೊಳ್ಳುವುದಕ್ಕೂ ಕಲ್ಲನ್ನು ಒಡೆಯುವುದಕ್ಕೂ ಇರುವ ಈ ಅಂತರ ಆಂಪ್ಲಿಫೈಯರಿನ ವಿಷಯದಲ್ಲಿ ಬರಿಯ ರೂಪಕವಲ್ಲ. ಅದನ್ನು ಕೈಯಿಂದ ಮುಟ್ಟಿ ತೋರಿಸಬಹುದು. ಮುದ್ದೇಬಿಹಾಳದ ಬಜಾರಿನ ಒಬ್ಬ ರೇಡಿಯೋ ರಿಪೇರಿಯವರು ನನಗೆ ತಿಳಿಹೇಳಿದ್ದು ಇದನ್ನೇ. “ಬಿಚ್ಚೂದು ಸಸಾರ್ರಿ ಮಾಸ್ತರ, ತಿರುಗಿ ಜೋಡಸೂದು ತ್ರಾಸ,” ಎಂದು ಅವರು ಮೊದಲು ಮಾಡಿದರು. ಸ್ಪೀಕರಿಗೆ ಹೋಗುವ ದಾರಿಯಲ್ಲಿ ಒಂದು ಜ್ಯಾಕನ್ನು ಕೂಡಿಸಬಹುದು. ಅದರಲ್ಲಿ ತಂತಿ ಚುಚ್ಚಿದಾಗ ಮಾತ್ರ ಸ್ಪೀಕರಿನ ಸಂಪರ್ಕ ತಪ್ಪುತ್ತದೆ. ತೆಗೆದೊಡನೆ ಪೆಟ್ಟಿಗೆ ಮೊದಲಿನಂತೆಯೇ ತಾನೇ ನುಡಿಯುತ್ತದೆ. ಸ್ಪೀಕರಿನ ಜಾಗದಲ್ಲಿ, ಅದರ ಓಮಿಗೆ ಸರಿಹೊಂದುವ, ಶಾಖವನ್ನು ತಾಳಬಲ್ಲ ಒಂದು ರೆಸಿಸ್ಟರು ಬೇಕು. ಸ್ಪೀಕರಿಗೆಂದು ಹೊರಡುವ ಬಲವನ್ನು ಇನ್ನೊಂದು ಆಂಪ್ಲಿಫೈಯರಿನ ಬಾಯಿಗೆ ನೇರವಾಗಿ ಸುರಿದರೆ ಅದು ಕೆಡಬಹುದು. ಆದುದರಿಂದ ಅದರ ಸಣ್ಣದೊಂದು ಪಾಲನ್ನಷ್ಟೇ ಹೊರಗೆ ಬಿಡಬೇಕು. ಕೆಲವು ಪೆಟ್ಟಿಗೆಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ಗ್ರೌಂಡಿಗೆ ಸೇರಿರುವುದಿಲ್ಲ. ಅದನ್ನು ನೋಡದೆ ಜೋಡಿಸಿದರೆ ಐಸಿ ಸುಟ್ಟೀತು. ಪ್ಲಗ್ಗು ತೆಗೆದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಮನೆಯ ೨೩೦ ವೋಲ್ಟಿನ ಭಾಗವನ್ನಂತೂ ಬಲ್ಲವರಲ್ಲದೆ ಬೇರೆಯವರು ಮುಟ್ಟತಕ್ಕದ್ದಲ್ಲ.

ಅವರು ಹೇಳಿದ ಇನ್ನೊಂದು ಮಾತು ನನಗೆ ಹೊಸದಾಗಿತ್ತು. ಪೆಟ್ಟಿಗೆಯ ಸ್ಪೀಕರು ದನಿಯನ್ನು ಬರಿದೆ ಹೊರಹಾಕುವುದಿಲ್ಲ. ಜರಡಿಯಂತೆ ಸೋಸುತ್ತದೆ ಕೂಡ. ಮೇಲಿನ ಚೂಪಾದ ಸ್ವರಗಳು ಅದರ ಕಾಗದದಲ್ಲೇ ಅಡಗಿಹೋಗುತ್ತವೆ. ಸ್ಪೀಕರನ್ನು ಕಿತ್ತು ಬೋರ್ಡಿನ ದನಿಯನ್ನಷ್ಟೇ ಡಬ್ಬಿಗೆ ತುಂಬಿ ಸಭೆಯ ಧ್ವನಿವರ್ಧಕಕ್ಕೆ ನೇರವಾಗಿ ಕೊಟ್ಟರೆ, ಹುಡುಗ ಮೆಚ್ಚಿಕೊಂಡಿದ್ದ ಆ ಗರಗರದ ಬದಲು ಜೇನು ಎದ್ದಂಥ ಕರ್ಕಶ ಸದ್ದು ಬಂದೀತು. ಯಾವ ದನಿಗಾಗಿ ಬಿಚ್ಚಿದನೋ ಆ ದನಿ ಬಿಚ್ಚಿದ ಕಾರಣದಿಂದಲೇ ತಪ್ಪಿಹೋದಂತಾಯಿತು. ಅದನ್ನು ಮರಳಿ ತರಲು ಬೇರೆ ಫಿಲ್ಟರು ಬೇಕು. ವಸ್ತುವಿಗೆ ಸ್ವಭಾವವೇ ಇಲ್ಲ, ಎಲ್ಲವೂ ನಮ್ಮ ಉದ್ದೇಶ ಎನ್ನುವ ಅತಿಯ ವಾದಕ್ಕೆ ಇದು ಒಂದು ಉತ್ತರ. ಮಾಡಿದವನ ಇಚ್ಛೆಗೆ ನಾವು ಬದ್ಧರಲ್ಲದಿರಬಹುದು. ಕಾಗದ, ಮರ, ತಂತಿಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದಕ್ಕೆ ಬದ್ಧರಾಗಿಯೇ ಇರಬೇಕಾಗುತ್ತದೆ.

ಜ್ಯಾಕಿನ ಉಪಾಯಕ್ಕೂ ಆಕ್ಷೇಪಗಳಿಲ್ಲದಿಲ್ಲ. ನನ್ನ ತರುಣ ಮಿತ್ರ ಅವನ್ನೆಲ್ಲ ಹೇಳಿಯೇ ಬಿಟ್ಟ. ರಾತ್ರಿಯ ಕಾರ್ಯಕ್ರಮಕ್ಕೆ ಟೆಂಪೋದಲ್ಲಿ ಹತ್ತು ಜನ ಇಕ್ಕಟ್ಟಾಗಿ ಕುಳಿತು ಹೋಗುವಾಗ ಒಂದು ಮೊಳದ ಪೆಟ್ಟಿಗೆಯನ್ನು ಎಲ್ಲಿ ಇಡುವುದು? ವೇದಿಕೆಯ ಮೇಲೆ ಕಾಲಿನಿಂದ ಒತ್ತಿದೊಡನೆ ದನಿ ಬದಲಾಗಬೇಕು. ಪೆಟ್ಟಿಗೆಯನ್ನು ಕಾಲಿನಿಂದ ಒತ್ತಲಾದೀತೆ? ಹೊಸ ಪೆಡಲಿಗೆ ದುಡ್ಡು ಹಾಕು ಎನ್ನುವುದು ಸಂಬಳದವರಿಗೆ ಸುಲಭ. ಅವನ ಹೊಟ್ಟೆ ತುಂಬಿಸುವುದು ಆ ವೇದಿಕೆಯೇ ಹೊರತು ಮನೆಯ ಮೂಲೆಯಲ್ಲ. ಈ ಮಾತುಗಳಲ್ಲಿ ತೂಕವಿದೆ. ಬದುಕು ಅದರಿಂದಲೇ ನಡೆಯುವವನು ನಡೆಯುವ ಪೆಟ್ಟಿಗೆಯನ್ನೇ ಬಿಚ್ಚಿದರೆ ಅವನನ್ನು ತಪ್ಪಿತಸ್ಥನೆಂದು ನಿಲ್ಲಿಸಲು ನನಗಂತೂ ಮನಸ್ಸಿಲ್ಲ. ಆದರೆ ಬರಿಯ ಕುತೂಹಲಕ್ಕೆ, ರಜೆಯ ದಿನದ ಆಟಕ್ಕೆ ಬಿಚ್ಚುವವನ ವಿಷಯದಲ್ಲಿ ನನ್ನ ಒಲವು ಆ ತಂದೆಯ ಕಡೆಗೇ.

ಇನ್ನು ಬಿಚ್ಚಲೇಬೇಕೆಂಬ ಹಟವಿದ್ದವರಿಗೆ ಬೇರೆ ದಾರಿಯೂ ಇದೆ. ರಿಪೇರಿ ಅಂಗಡಿಗಳ ಹಲಗೆಗಳನ್ನು ಗಮನಿಸಿ ನೋಡಿದವರಿಗೆ ಗೊತ್ತು, ಅಲ್ಲಿ ಬಿಡಿಸಿಕೊಂಡು ಹೋಗದೆ ಉಳಿದ ಪೆಟ್ಟಿಗೆಗಳು ಎಷ್ಟೋ ಇರುತ್ತವೆ. ಇಲಿ ಕಡಿದು ಸ್ಪೀಕರು ಹರಿದವು, ಮಳೆಯಲ್ಲಿ ನೆನೆದು ಹಲಗೆ ಉಬ್ಬಿದವು, ಬೋರ್ಡು ಮಾತ್ರ ಗಟ್ಟಿಯಾಗಿ ಉಳಿದವು. ಮುದ್ದೇಬಿಹಾಳದ ಆ ಅಂಗಡಿಯಲ್ಲೇ ಅಂಥವು ಮೂರು ಇದ್ದವು. ಒಂದರ ಮೇಲೆ ಯಾರೋ ಸೀಮೆಸುಣ್ಣದಿಂದ ಬರೆದ ಊರಿನ ಹೆಸರು ಅರ್ಧ ಅಳಿಸಿಹೋಗಿತ್ತು. ಬೆಲೆ ಕೇಳಿದಾಗ ಅವರು ತೂಕದ ಲೆಕ್ಕ ಹೇಳಿದರು, ಗುಜರಿಯವನು ಕೊಡುವಷ್ಟು.